ಕೆರೆ, ಕರಗ, ಕಣಿವೆ: ಪೌರತ್ವದ ಚರ್ಚೆ ಎಲ್ಲಿಯವರೆಗೆ?



ಪೌರತ್ವವು ರಾಜ್ಯಶಾಸ್ತ್ರಕ್ಕೆ, ಧರ್ಮವು ಸಮಾಜಶಾಸ್ತ್ರಕ್ಕೆ, ನಗರವು ಯೋಜನಾತಜ್ಞರಿಗೆ, ನೀರು ಎಂಜಿನಿಯರುಗಳಿಗೆ ಸೇರಿದ್ದು ಎಂಬ ಹಂಚಿಕೆ ವಿಶ್ವವಿದ್ಯಾಲಯಗಳಲ್ಲಿ ಬಹುಕಾಲ ನಡೆದುಬಂದಿತು. ಈಚಿನ ದಶಕಗಳಲ್ಲಿ ಈ ಗೋಡೆಗಳು ತಕ್ಕಮಟ್ಟಿಗೆ ಸಡಿಲಗೊಂಡಿವೆ. ಇಂಥ ಕೂಡುಚರ್ಚೆ ಏನನ್ನು ಕಾಣಿಸಬಲ್ಲದು, ಏನನ್ನು ಕಾಣದೆ ಬಿಡುತ್ತದೆ ಎಂಬುದಕ್ಕೆ ಬೆಂಗಳೂರಿನ ಸಂಪಂಗಿ ಕೆರೆ ಒಳ್ಳೆಯ ನಿದರ್ಶನ.

ಆ ಕೆರೆಯ ಅಂಗಳದಲ್ಲಿ ಇಂದು ಕಂಠೀರವ ಕ್ರೀಡಾಂಗಣವಿದೆ. ಉಳಿದಿರುವುದು ಪುಟ್ಟದೊಂದು ಕೊಳ ಮಾತ್ರ. ಅದು ಉಳಿದದ್ದೂ ಕರಗದ ವಿಧಿಗಳಿಗಾಗಿ. ಮಾನವಶಾಸ್ತ್ರಜ್ಞೆ ಸ್ಮೃತಿ ಶ್ರೀನಿವಾಸ್ ಅವರು 2001ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಕರಗವನ್ನು ನಗರದ ನೆನಪಿನ ನಕ್ಷೆಯಾಗಿ ಓದಿದರು. ತೋಟಗಾರಿಕೆಯನ್ನು ನೆಚ್ಚಿದ್ದ ತಿಗಳ ಸಮುದಾಯದ ಈ ಉತ್ಸವ ಚೈತ್ರ ಹುಣ್ಣಿಮೆಯ ರಾತ್ರಿ ಧರ್ಮರಾಯನ ಗುಡಿಯಿಂದ ಹೊರಟು ಮಸ್ತಾನ್ ಸಾಬ್ ದರ್ಗಾಕ್ಕೂ ಹೋಗುತ್ತದೆ. ಅಳಿದ ಕೆರೆತೋಟಗಳ ನೆನಪು ಆಚರಣೆಯಲ್ಲಿ ಬದುಕಿದೆ.

ಪರಿಸರ ವಿಜ್ಞಾನಿ ಹರಿಣಿ ನಾಗೇಂದ್ರ, ಹಿತಾ ಉನ್ನಿಕೃಷ್ಣನ್ ಮತ್ತು ಸಂಗಡಿಗರು ಹಳೆಯ ಕಡತ, ನಕ್ಷೆಗಳನ್ನು ಹುಡುಕಿ, ನೀರು ನಿಲ್ಲಬೇಕೆಂದ ತೋಟಗಾರರಿಗೂ ಅಂಗಳ ಒಣಗಬೇಕೆಂದ ಇತರರಿಗೂ ನಡೆದ ಜಗ್ಗಾಟವನ್ನು ಬೆಳಕಿಗೆ ತಂದರು. ರಾಜ್ಯಶಾಸ್ತ್ರಜ್ಞ ಪಾರ್ಥ ಚಟರ್ಜಿ 2004ರ ತಮ್ಮ ಕೃತಿಯಲ್ಲಿ ಹಕ್ಕಿನ ಭಾಷೆಯಲ್ಲಿ ಮಾತನಾಡಬಲ್ಲ ಪೌರರನ್ನೂ, ಸರ್ಕಾರದೊಡನೆ ಚೌಕಾಸಿ ಮಾಡಿ ಬದುಕಬೇಕಾದ ಜನಸಮೂಹಗಳನ್ನೂ ಬೇರೆಬೇರೆಯಾಗಿ ಗುರುತಿಸಿದರು. ಇವೆಲ್ಲವನ್ನೂ ಜೊತೆಗಿಟ್ಟಾಗ ಕೆರೆಯೊಂದರ ಸಾವು ಪೌರತ್ವದ ಪ್ರಶ್ನೆಯಾಗಿ ತೋರುತ್ತದೆ: ಯಾರ ಮಾತಿಗೆ ಬೆಲೆ ಸಿಕ್ಕಿತು, ಯಾರದಕ್ಕೆ ಸಿಗಲಿಲ್ಲ?

ಆದರೆ ಈ ಚರ್ಚೆ ಬಹುಮಟ್ಟಿಗೆ ನಗರದ ಗಡಿಯಲ್ಲಿ ನಿಂತುಬಿಡುತ್ತದೆ. ನೀರು ನಿಲ್ಲುವುದಿಲ್ಲ. 1896ರಲ್ಲಿ ಹೆಸರಘಟ್ಟದಿಂದ ಕೊಳವೆ ನೀರು ಬಂದಮೇಲೆ ಊರೊಳಗಿನ ಕೆರೆಗಳು ಅನಿವಾರ್ಯವೆನಿಸಲಿಲ್ಲ. 1933ರಲ್ಲಿ ತಿಪ್ಪಗೊಂಡನಹಳ್ಳಿ, 1974ರಲ್ಲಿ ಕಾವೇರಿ. 2024ರ ಅಕ್ಟೋಬರಿನಲ್ಲಿ ಕಾವೇರಿ ಐದನೆಯ ಹಂತ. ಸುಮಾರು 100 ಕಿಲೋಮೀಟರ್ ದೂರದಿಂದ ನೀರನ್ನು ಮೇಲೆತ್ತಿ ತರಲಾಗುತ್ತಿದೆ. 2019ರಲ್ಲಿ ಲಿಂಗನಮಕ್ಕಿಯಿಂದಲೂ ಒಯ್ಯುವ ಪ್ರಸ್ತಾಪ ಬಂದಿತು. ಅದೇ ವರ್ಷ ಜುಲೈ 10ರಂದು ಶಿವಮೊಗ್ಗ ಜಿಲ್ಲೆ ಬಂದ್ ಆಚರಿಸಿ ಉತ್ತರಿಸಿತು.

ಆ ಪ್ರತಿಭಟನೆಯನ್ನು ಕೇವಲ ಪ್ರಾದೇಶಿಕ ಅಭಿಮಾನವೆಂದು ಬಗೆಯುವುದು ತಪ್ಪು. 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಜಲಾಶಯ ನಾಡಿಗೆ ವಿದ್ಯುತ್ತನ್ನು ಕೊಟ್ಟಿತು. ಮನೆ, ಗದ್ದೆ, ಗುಡಿಗಳನ್ನು ನೀರಿಗೆ ಬಿಟ್ಟು ಬಂದವರಲ್ಲಿ ಅನೇಕರನ್ನು ಅರಣ್ಯಭೂಮಿಯಲ್ಲಿ ನೆಲೆಗೊಳಿಸಲಾಯಿತು. ಅವರ ಮಕ್ಕಳು, ಮೊಮ್ಮಕ್ಕಳು ದಶಕಗಳ ನಂತರವೂ ಹಕ್ಕುಪತ್ರಕ್ಕಾಗಿ ಅಲೆದರು. 2006ರ ಅರಣ್ಯ ಹಕ್ಕು ಕಾಯ್ದೆ ಪರಿಶಿಷ್ಟ ಪಂಗಡದವರಲ್ಲದ ಅರಣ್ಯವಾಸಿಗಳಿಂದ 2005ರ ಡಿಸೆಂಬರ್ 13ಕ್ಕೆ ಮುಂಚಿನ ಮೂರು ತಲೆಮಾರುಗಳ, ಎಂದರೆ 75 ವರ್ಷಗಳ, ವಾಸದ ಆಧಾರ ಕೇಳುತ್ತದೆ. 1960ರ ದಶಕದಲ್ಲಿ ಪ್ರಭುತ್ವವೇ ಎಬ್ಬಿಸಿ ತಂದು ಕೂರಿಸಿದವರು ಹೊಸ ನೆಲದಲ್ಲಿ ಆ ಲೆಕ್ಕವನ್ನು ಎಲ್ಲಿಂದ ತುಂಬಿಕೊಡಬೇಕು? ಅವರಿಗೆ ಮತದಾನದ ಹಕ್ಕಿದೆ; ನಿಂತ ನೆಲದ ಮೇಲೆ ಹಕ್ಕಿಲ್ಲ. ಅರ್ಧ ಪೌರತ್ವವೆಂದರೆ ಇದೇ.

ಆದ್ದರಿಂದ ಪೌರತ್ವ, ಧರ್ಮ, ನಗರ, ರಾಜಕಾರಣಗಳ ಚರ್ಚೆಗೆ ಜಲಾನಯನ ಪ್ರದೇಶವೂ ಸೇರಬೇಕು. ನಗರಾಧ್ಯಯನದ ವಿದ್ಯಾರ್ಥಿಗಳು ಪಾಲಿಕೆಯ ಕಡತಗಳೊಡನೆ ಮುಳುಗಡೆ ಗ್ರಾಮಗಳ ಕಂದಾಯ ದಾಖಲೆಗಳನ್ನೂ ಓದಲಿ. ವಿಚಾರಸಂಕಿರಣಗಳು ಕನ್ನಡದಲ್ಲಿ, ಹಿನ್ನೀರಿನ ದಂಡೆಯ ಊರುಗಳಲ್ಲಿಯೂ ನಡೆಯಲಿ. ಕೆರೆಯನ್ನು ಕಳೆದುಕೊಂಡ ತೋಟಗಾರನೂ ಕಣಿವೆಯನ್ನು ಕಳೆದುಕೊಂಡ ರೈತನೂ ಒಂದೇ ಕಥೆಯ ಎರಡು ಅಧ್ಯಾಯಗಳು. ಮೊದಲನೆಯವನಿಗೆ ವರ್ಷಕ್ಕೊಮ್ಮೆ ಕೊಳದ ದಂಡೆಯಾದರೂ ಉಳಿದಿದೆ. ಎರಡನೆಯವನಿಗೆ ಒಂದು ಪತ್ರವಾದರೂ ದೊರೆಯಬೇಕು.