ದನಕರುಗಳ ಬಳಿ ಮಕ್ಕಳ ರಕ್ಷಣೆ



ಸಂಕ್ರಾಂತಿಯ ಕಾಲದಲ್ಲಿ ಚುಂಚನಕಟ್ಟೆಯಲ್ಲಿ ದನಗಳ ಜಾತ್ರೆಯು ಸೇರುವುದು. ಅಲ್ಲಿ ಹಳ್ಳಿಕಾರ್ ಜೋಡಿಯನ್ನು ಕೊಳ್ಳುವ ರೈತನು ಹಲ್ಲನ್ನೂ ಸುಳಿಯನ್ನೂ ನಡಿಗೆಯನ್ನೂ ಪರೀಕ್ಷಿಸಿಯೇ ಹಣ ಕೊಡುವನು. ಇಷ್ಟು ಎಚ್ಚರವುಳ್ಳವನೇ ಊರಿಗೆ ಬಂದ ಮರುದಿನ ಆ ಎತ್ತಿನ ಹಗ್ಗವನ್ನು ಎಂಟು ವರ್ಷದ ಮಗನ ಕೈಗೆ ಕೊಟ್ಟು ಕೆರೆಗೆ ಕಳುಹಿಸುವುದುಂಟು. ಎತ್ತಿಗೆ ಊರೂ ಹೊಸದು, ಹುಡುಗನೂ ಹೊಸಬನು. ಹಗ್ಗವು ಜಾರದಿರಲೆಂದು ಹುಡುಗನು ಅದನ್ನು ಕೈಗೆ ಸುತ್ತಿಕೊಳ್ಳುವನು. ಎತ್ತು ಬೆದರಿ ಓಡಿತೆಂದರೆ ಸುತ್ತು ಬಿಗಿಯುವುದು. ಬಿಡಬೇಕೆಂದರೂ ಬಿಡಲಾಗದೆ ಮಗುವು ನೆಲದ ಮೇಲೆ ಎಳೆಯಲ್ಪಡುವುದು.

“ನಮ್ಮ ದನ ಸಾಧು” ಎಂಬ ನಂಬಿಕೆಯೇ ಇಂತಹ ಅಪಾಯಗಳಿಗೆ ಮೂಲವು. ಸಾಧುವಾದ ಹಸುವೂ ಕರು ಹಾಕಿದ ಮೊದಲ ದಿನಗಳಲ್ಲಿ ಕರುವಿನ ಬಳಿ ಬಂದವರನ್ನು ಹಾಯುವುದು. ದನದ ಕಣ್ಣುಗಳು ತಲೆಯ ಎರಡು ಪಕ್ಕಗಳಲ್ಲಿರುವುದರಿಂದ ನೇರವಾಗಿ ಹಿಂದೆ ನಿಂತವರು ಅದಕ್ಕೆ ಕಾಣರು. ಫಕ್ಕನೆ ಮುಟ್ಟಿದರೆ ಒದೆಯುವುದು.

ಆದುದರಿಂದ ಈ ಕೆಳಗಣ ನಿಯಮಗಳನ್ನು ಪಾಲಿಸತಕ್ಕದ್ದು:

1. ಹಗ್ಗವನ್ನು ಕೈಗಾಗಲಿ ಸೊಂಟಕ್ಕಾಗಲಿ ಸುತ್ತಿಕೊಳ್ಳಕೂಡದೆಂದು ಮಕ್ಕಳಿಗೆ ಮೊದಲು ಕಲಿಸಬೇಕು.

2. ಹೊಸ ಎತ್ತು, ಬೀಜದ ಹೋರಿ, ಈದ ಹಸು ಇವುಗಳ ಬಳಿಗೆ ಹಿರಿಯರಿಲ್ಲದೆ ಮಕ್ಕಳನ್ನು ಬಿಡಕೂಡದು.

3. ದನದ ಸಮೀಪಕ್ಕೆ ಪಕ್ಕದಿಂದ, ಕೂಗಿ ಮಾತನಾಡಿಸುತ್ತ ಹೋಗುವುದನ್ನು ಅಭ್ಯಾಸ ಮಾಡಿಸಬೇಕು.

4. ಅಂಬೆಗಾಲಿಡುವ ಕೂಸಿಗೆ ಕೊಟ್ಟಿಗೆಯು ಆಟದ ಸ್ಥಳವಲ್ಲ. ಬಾಗಿಲಿಗೆ ಅಡ್ಡಗಳುವನ್ನು ಹಾಕಬೇಕು.

5. ನಾಗರಹೊಳೆಯ ಕಾಡಂಚಿನಲ್ಲಿರುವ ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಯ ಗ್ರಾಮಗಳಲ್ಲಿ ಮಕ್ಕಳನ್ನು ಒಂಟಿಯಾಗಿ ದನ ಕಾಯಲು ಕಳುಹಿಸಲೇಕೂಡದು. ಹುಲಿ ಚಿರತೆಗಳು ದನದ ಜಾಡು ಹಿಡಿದೇ ಬರುವುವು.

ನಾಯಿಯು ಕಚ್ಚಿದರೂ ಪರಚಿದರೂ ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಆ ದಿನವೇ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯಬೇಕು. ಸುಣ್ಣ, ಮೆಣಸಿನ ಪುಡಿಗಳನ್ನು ಹಚ್ಚಕೂಡದು. 1885ರಲ್ಲಿ ಫ್ರಾನ್ಸ್ ದೇಶದ ಲೂಯಿ ಪಾಶ್ಚರನು ಒಂಬತ್ತು ವರ್ಷದ ಬಾಲಕನಿಗೆ ಮೊದಲು ಕೊಟ್ಟ ಈ ಚಿಕಿತ್ಸೆಯು ಈಗ ತಾಲ್ಲೂಕು ಆಸ್ಪತ್ರೆಯಲ್ಲಿಯೇ ದೊರೆಯುವುದು. ವೈದ್ಯರು ಹೇಳಿದಷ್ಟು ಚುಚ್ಚುಮದ್ದುಗಳನ್ನೂ ಪೂರೈಸಬೇಕು. ಹುಚ್ಚಿನ ಲಕ್ಷಣಗಳು ತೋರಿದ ಮೇಲೆ ಬದುಕಿಸುವುದು ಅಸಾಧ್ಯವೆಂದೇ ತಿಳಿಯಬೇಕು.

ಊರಿನ ಯಜಮಾನರು ಸಂಕ್ರಾಂತಿಯ ಸಂಜೆ ಕಿಚ್ಚು ಹಾಯಿಸುವ ಬೀದಿಯ ಎರಡು ಬದಿಗಳಲ್ಲಿಯೂ ಗಳುಗಳನ್ನು ಕಟ್ಟಿಸಿ, ಮಕ್ಕಳನ್ನು ಜಗಲಿಯ ಮೇಲೆ ನಿಲ್ಲಿಸತಕ್ಕದ್ದು. ಬೆಂಕಿಗೆ ಬೆದರಿದ ದನವು ಯಾರ ಮಗುವೆಂದು ನೋಡುವುದಿಲ್ಲ.

ಮಕ್ಕಳು ದನಗಳೊಡನೆ ಬೆಳೆಯಲಿ. ಅದು ಒಕ್ಕಲುತನದ ಮೊದಲ ಪಾಠವು. ಎತ್ತು ಕಳೆದುಹೋದರೆ ಬರುವ ಜಾತ್ರೆಯಲ್ಲಿ ಮತ್ತೊಂದು ಸಿಕ್ಕುವುದು. ಮಗುವು ಯಾವ ಜಾತ್ರೆಯಲ್ಲಿಯೂ ಸಿಕ್ಕದು.