ಸಾಲ ತೀರಿಸೋದಾ, ಷೇರು ಕೊಳ್ಳೋದಾ?

ನಿಮಗೆ ಬೋನಸ್ ಬಂತು ಅಂದ್ಕೊಳ್ಳಿ. ಸಾಲ ತೀರಿಸ್ತೀರಾ, ಇನ್ವೆಸ್ಟ್ ಮಾಡ್ತೀರಾ? ಅಮೆರಿಕದ ತೈಲ ಕಂಪನಿ ಆಕ್ಸಿಡೆಂಟಲ್‌ಗೂ ಇದೇ ಪ್ರಶ್ನೆ ಎದುರಾಗಿತ್ತು. 2019ರಲ್ಲಿ ಭಾರಿ ಸಾಲ ಮಾಡಿ ಅನಡಾರ್ಕೊ ಕಂಪನಿಯನ್ನು ಕೊಂಡಿತ್ತು. ಮರುವರ್ಷವೇ ಕೋವಿಡ್ ಬಂದು ತೈಲ ಬೆಲೆ ನೆಲಕಚ್ಚಿತು. ಪ್ರತಿ ಷೇರಿಗೆ 79 ಸೆಂಟ್ಸ್ ಇದ್ದ ತ್ರೈಮಾಸಿಕ ಡಿವಿಡೆಂಡ್ 1 ಸೆಂಟ್‌ಗೆ ಇಳಿಯಿತು. 2022ರಲ್ಲಿ ಬೆಲೆ ಏರಿ ದುಡ್ಡು ಹರಿದು ಬಂದಾಗ, 1,000 ಕೋಟಿ ಡಾಲರ್‌ಗೂ ಹೆಚ್ಚು ಸಾಲ ತೀರಿಸಿತು. ಬೈಬ್ಯಾಕ್‌ಗೆ ಕೊಟ್ಟಿದ್ದು 300 ಕೋಟಿ ಡಾಲರ್.

ಬೈಬ್ಯಾಕ್ ಆದ್ರೆ ಷೇರುಗಳ ಸಂಖ್ಯೆ ಇಳಿದು ಉಳಿದವರ ಪಾಲು ಹೆಚ್ಚುತ್ತೆ, ನಿಜ. ಆದ್ರೆ ತೈಲದ ಬೆಲೆ ಕಂಪನಿಯ ಕೈಲಿಲ್ಲ. ಕಷ್ಟ ಬಂದ್ರೆ ಬೈಬ್ಯಾಕ್ ನಿಲ್ಲಿಸಬಹುದು, ಬಡ್ಡಿ ನಿಲ್ಲಲ್ಲ. ಹಾಗಾಗಿ ಎನರ್ಜಿ ಕಂಪನಿ ಬೈಬ್ಯಾಕ್ ಘೋಷಿಸಿದ್ರೆ, ಖುಷಿಪಡೋಕೆ ಮುಂಚೆ ಸಾಲ ಎಷ್ಟಿದೆ ನೋಡಿ.