ರಜೆಯ ಪ್ರಯಾಣಕ್ಕೆ ಯಾವ ವಿಮಾನ?



ಪರೀಕ್ಷೆಗಳು ಮುಗಿದು, ಉತ್ತರಪತ್ರಿಕೆಗಳ ಕಟ್ಟು ಮೇಜಿನಿಂದ ಕೆಳಗಿಳಿಯಿತೆಂದರೆ ನಮ್ಮ ಉಪಾಧ್ಯಾಯರ ಕೊಠಡಿಯಲ್ಲಿ ಮಾತಿನ ವಿಷಯವೇ ಬದಲಾಗುತ್ತದೆ. ಹಿಂದೆ ಅದು ರೈಲಿನ ಮಾತಾಗಿತ್ತು. ಈಗ ವಿಮಾನದ ಮಾತು. "ಸಾರ್, ನೇರವಾಗಿ ಹೋಗುವುದು ವಾಸಿಯೋ, ನಡುವೆ ಇಳಿದು ಹತ್ತುವುದು ವಾಸಿಯೋ? ಪ್ರವಾಸದ ಕಂಪನಿಯವರು ಚಾರ್ಟರ್ ವಿಮಾನ ಎನ್ನುತ್ತಾರಲ್ಲ, ಹಾಗೆಂದರೇನು?" ಎಂದು ಕೇಳುವವರು ಅನೇಕರು. ಹಳಗನ್ನಡ ಪಾಠ ಹೇಳುವವನಿಗೂ ವಿಮಾನಕ್ಕೂ ಏನು ಸಂಬಂಧವೆಂದು ನಿಮಗೆ ಅನ್ನಿಸಬಹುದು. ಸಂಬಂಧವುಂಟು. ಈ ವಿಷಯದಲ್ಲಿ ಒಮ್ಮೆ ತಪ್ಪು ಮಾಡಿ, ದಂಡ ತೆತ್ತು, ಪಾಠ ಕಲಿತವನು ನಾನು. ಆ ಕಥೆಯನ್ನು ಆಮೇಲೆ ಹೇಳುತ್ತೇನೆ. ಮೊದಲು ಪದಗಳ ಅರ್ಥವನ್ನು ವಿಚಾರಿಸೋಣ. ಪದದ ಅರ್ಥ ತಿಳಿಯದೆ ಪದ್ಯವನ್ನು ಓದಬಾರದು, ಟಿಕೆಟ್ಟನ್ನೂ ಕೊಳ್ಳಬಾರದು.

ಚಾರ್ಟರ್ ಎಂಬ ಇಂಗ್ಲಿಷ್ ಮಾತಿನ ಮೂಲದಲ್ಲಿರುವುದು ಕಾಗದವೆಂಬ ಅರ್ಥದ ಲ್ಯಾಟಿನ್ ಪದ. ಹಿಂದೆ ಯೂರೋಪಿನ ವರ್ತಕರು ಒಂದು ಹಡಗನ್ನು ಇಡಿಯಾಗಿ ಬಾಡಿಗೆಗೆ ಹಿಡಿಯುವಾಗ, ಕರಾರನ್ನು ಒಂದೇ ಹಾಳೆಯ ಮೇಲೆ ಎರಡು ಪ್ರತಿಯಾಗಿ ಬರೆದು, ನಡುವೆ ಕತ್ತರಿಸಿ, ಹಡಗಿನವನು ಒಂದು ತುಂಡನ್ನೂ ವರ್ತಕನು ಇನ್ನೊಂದನ್ನೂ ಇಟ್ಟುಕೊಳ್ಳುತ್ತಿದ್ದರು. ಹಡಗಿನ ಆ ಮಾತೇ ವಿಮಾನಕ್ಕೂ ಬಂದಿತು. ಷೆಡ್ಯೂಲ್ ಎಂಬುದೂ ಮೂಲದಲ್ಲಿ ಕಾಗದದ ಚೀಟಿಯೇ. ಒಂದು ಕರಾರಿನ ಕಾಗದ, ಇನ್ನೊಂದು ವೇಳಾಪಟ್ಟಿಯ ಕಾಗದ, ವ್ಯತ್ಯಾಸವಿಷ್ಟೆ. ವೇಳಾಪಟ್ಟಿಯ ವಿಮಾನವು ಸಾರಿಗೆ ಬಸ್ಸಿನಂತೆ: ಪ್ರಕಟಿಸಿದ ದಿನ, ಪ್ರಕಟಿಸಿದ ವೇಳೆಗೆ ಹೊರಡತಕ್ಕದ್ದು, ಯಾರು ಬೇಕಾದರೂ ಟಿಕೆಟ್ಟು ಕೊಂಡು ಹತ್ತಬಹುದು. ಚಾರ್ಟರ್ ವಿಮಾನವು ಮದುವೆಯ ದಿಬ್ಬಣಕ್ಕೆ ಗೊತ್ತುಮಾಡಿದ ಬಸ್ಸಿನಂತೆ: ಯಾರೋ ಒಬ್ಬರು ಅದನ್ನು ಇಡಿಯಾಗಿ ಬಾಡಿಗೆಗೆ ಹಿಡಿದಿರುತ್ತಾರೆ. ನಮ್ಮ ಮಾತಿನಲ್ಲಿ ಹೇಳುವುದಾದರೆ, ಒಂದಕ್ಕೆ ತಿಥಿಯುಂಟು, ಇನ್ನೊಂದು ಅತಿಥಿ.

ರಜೆಯ ಪ್ರವಾಸಕ್ಕೆ ಚಾರ್ಟರ್ ವಿಮಾನ ಬಂದ ಕಥೆ ಉಪಾಧ್ಯಾಯರಾದ ನಮಗೆ ಸಂತೋಷ ಕೊಡತಕ್ಕದ್ದು. 1950ರ ಮೇ ತಿಂಗಳಿನಲ್ಲಿ ವ್ಲಾದಿಮಿರ್ ರೈಟ್ಸ್ ಎಂಬಾತನು ಹೊರೈಜನ್ ಎಂಬ ತನ್ನ ಸಂಸ್ಥೆಯ ಮೂಲಕ ಲಂಡನ್ನಿನ ಬಳಿಯಿಂದ ಕಾರ್ಸಿಕಾ ದ್ವೀಪದ ಕಾಲ್ವಿ ಎಂಬ ಊರಿಗೆ ಒಂದು ಡಕೋಟ ವಿಮಾನವನ್ನು ಗೊತ್ತುಮಾಡಿದನು. ವಿಮಾನದ ಖರ್ಚು, ಎರಡು ವಾರ ಡೇರೆಯಲ್ಲಿ ವಾಸ, ಊಟ ಎಲ್ಲವೂ ಸೇರಿ ತಲೆಗೆ 32 ಪೌಂಡು 10 ಷಿಲಿಂಗ್. ಅಲ್ಲಿನ ಸರ್ಕಾರ ಇದಕ್ಕೆ ಅನುಮತಿಯನ್ನೇನೋ ಕೊಟ್ಟಿತು. ಆದರೆ ಒಂದು ಷರತ್ತು ಹಾಕಿತು. ಆ ವಿಮಾನದಲ್ಲಿ ವಿದ್ಯಾರ್ಥಿಗಳೂ ಉಪಾಧ್ಯಾಯರೂ ಮಾತ್ರ ಹೋಗಬೇಕು! ಹೀಗೆ ಇಂದಿನ ಅಗ್ಗದ ವಿಮಾನಪ್ರವಾಸದ ಬಾಗಿಲನ್ನು ತೆರೆದವರಲ್ಲಿ ಬಡ ಮೇಷ್ಟರುಗಳೂ ಸೇರಿದ್ದಾರೆ.

ಅದು ಅಗ್ಗವಾಗುವುದು ಹೇಗೆ? ವಿಮಾನ ಹಾರಲು ತಗಲುವ ವೆಚ್ಚ, ಕುಳಿತವರು ಇಪ್ಪತ್ತು ಮಂದಿಯಾದರೂ ನೂರು ಮಂದಿಯಾದರೂ ಹೆಚ್ಚುಕಡಮೆ ಅಷ್ಟೆ. ಎಲ್ಲ ಆಸನಗಳೂ ತುಂಬಿದರೆ ತಲೆಯ ಮೇಲೆ ಬೀಳುವ ಪಾಲು ಇಳಿಯುತ್ತದೆ. ಪ್ರವಾಸದ ಕಂಪನಿಯವರು ಒಂದು ತಂಡವನ್ನು ಕರೆದೊಯ್ದು, ಅದೇ ವಿಮಾನದಲ್ಲಿ ಹಿಂದಿನ ತಂಡವನ್ನು ಕರೆತರುತ್ತಾರೆ. ಋತುವಿನ ಮೊದಲಲ್ಲಿ ಒಮ್ಮೆ, ಕೊನೆಯಲ್ಲಿ ಒಮ್ಮೆ ಮಾತ್ರ ಬರಿದಾಗಿ ಹಾರಬೇಕಾಗುತ್ತದೆ. ಚಳಿಗಾಲದಲ್ಲಿ ನಮ್ಮ ಕಾರವಾರದ ನೆರೆಯ ಗೋವೆಗೆ ಬ್ರಿಟನ್ನು, ರಷ್ಯ ಮೊದಲಾದ ದೇಶಗಳಿಂದ 1980ರ ದಶಕದಿಂದೀಚೆಗೆ ಇಂತಹ ಎಷ್ಟೋ ವಿಮಾನಗಳು ಬಂದಿವೆ.

ಆದರೆ ಅಗ್ಗಕ್ಕೆ ತಕ್ಕ ಕಟ್ಟುಪಾಡೂ ಉಂಟು. ಹೋಗುವ ದಿನವನ್ನೂ ಬರುವ ದಿನವನ್ನೂ ಅವರು ಗೊತ್ತುಮಾಡುತ್ತಾರೆ. ನಡುವೆ ಮನಸ್ಸು ಬದಲಾಯಿಸಲು ಅವಕಾಶ ಕಡಮೆ. ವಿಮಾನ ಕೆಟ್ಟರೆ ಸಂಜೆಗೆ ಅವರದೇ ಇನ್ನೊಂದು ವಿಮಾನ ಇರುವುದಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ನೀವು ಹಣ ಕೊಟ್ಟದ್ದು ಪ್ರವಾಸದ ಕಂಪನಿಗೆ. ಅದು ಮುಳುಗಿದರೆ ನಿಮ್ಮ ಗತಿಯೇನು? 2019ರ ಸೆಪ್ಟೆಂಬರ್ 23ರಂದು ಬ್ರಿಟನ್ನಿನ ಥಾಮಸ್ ಕುಕ್ ಸಂಸ್ಥೆ ದಿವಾಳಿಯಾಯಿತು. ಅದು 1841ರಲ್ಲಿ ಆರಂಭವಾದದ್ದು. ಅಂದು ಅದರ ಸುಮಾರು 1,50,000 ಬ್ರಿಟಿಷ್ ಪ್ರಯಾಣಿಕರು ಪರದೇಶಗಳಲ್ಲಿದ್ದರು. ಅಲ್ಲಿನ ನಾಗರಿಕ ವಿಮಾನಯಾನ ಪ್ರಾಧಿಕಾರವು ಬೇರೆ ಬೇರೆ ಕಂಪನಿಗಳ ವಿಮಾನಗಳನ್ನು ಬಾಡಿಗೆಗೆ ಹಿಡಿದು ಅವರನ್ನು ಊರು ಸೇರಿಸಬೇಕಾಯಿತು. ಭಾರತದಲ್ಲಿ ಅದೇ ಹೆಸರಿನಲ್ಲಿರುವ ಕಂಪನಿ ಬೇರೆಯವರ ಒಡೆತನದ್ದು. ಅದಕ್ಕೂ ಈ ದಿವಾಳಿಗೂ ಸಂಬಂಧವಿರಲಿಲ್ಲ. ಬ್ರಿಟನ್ನಿನಲ್ಲಿ ಪ್ರವಾಸಿಗಳ ರಕ್ಷಣೆಗೆ ಅಟಾಲ್ ಎಂಬ ಏರ್ಪಾಡು ಇದ್ದುದರಿಂದ ಜನ ಬದುಕಿಕೊಂಡರು. ನಮ್ಮವರು ಪ್ರವಾಸದ ಕಂಪನಿಗೆ ಹಣ ಕಟ್ಟುವ ಮುನ್ನ ಎರಡು ಪ್ರಶ್ನೆ ಕೇಳಬೇಕು. ಇದು ನೀವು ಗೊತ್ತುಮಾಡಿದ ವಿಮಾನವೋ, ವೇಳಾಪಟ್ಟಿಯ ವಿಮಾನದಲ್ಲಿ ಹಿಡಿದಿಟ್ಟ ಆಸನಗಳೋ? ವಿಮಾನ ಹೊರಡದಿದ್ದರೆ ನನ್ನ ಹಣಕ್ಕೆ ಹೊಣೆ ಯಾರು? ಉತ್ತರವನ್ನು ಬರವಣಿಗೆಯಲ್ಲಿ ಪಡೆಯಬೇಕು. ಕಾಗದವೆಂಬುದೇ ಆ ಪದದ ಅರ್ಥ ತಾನೆ!

ಇನ್ನು ನೇರ ವಿಮಾನದ ವಿಚಾರ. ಇಲ್ಲಿಯೂ ಪದವೇ ನಮ್ಮನ್ನು ಮೋಸಗೊಳಿಸುತ್ತದೆ. ಡೈರೆಕ್ಟ್ ಎಂದರೆ ಎಲ್ಲಿಯೂ ನಿಲ್ಲದ್ದೆಂದು ನಾವು ತಿಳಿಯುತ್ತೇವೆ. ವಿಮಾನದವರ ಭಾಷೆಯಲ್ಲಿ ಅದರ ಅರ್ಥ ಬೇರೆ: ಹೊರಟಲ್ಲಿಂದ ಸೇರುವವರೆಗೆ ವಿಮಾನದ ಸಂಖ್ಯೆ ಒಂದೇ, ದಾರಿಯಲ್ಲಿ ನಿಂತರೂ ನಿಲ್ಲಬಹುದು. 1948ರ ಜೂನ್ 8ರಂದು ಮುಂಬಯಿಯಿಂದ ಲಂಡನ್ನಿಗೆ ಹೊರಟ ಏರ್ ಇಂಡಿಯಾ ಇಂಟರ್‌ನ್ಯಾಷನಲ್ ಸಂಸ್ಥೆಯ ಮೊದಲ ವಿಮಾನ 'ಮಲಬಾರ್ ಪ್ರಿನ್ಸೆಸ್' ಕೈರೋದಲ್ಲಿಯೂ ಜಿನೀವಾದಲ್ಲಿಯೂ ಇಳಿದು ಮುಂದೆ ಹೋಯಿತು. ಎಲ್ಲಿಯೂ ಇಳಿಯದೆ ಹೋಗುವುದು ನಾನ್-ಸ್ಟಾಪ್. 2021ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಏರ್ ಇಂಡಿಯಾದ ಮಹಿಳಾ ಪೈಲಟ್ಟುಗಳು ಉತ್ತರ ಧ್ರುವದ ಮೇಲೆ ಹಾದು, ಸುಮಾರು 17 ಗಂಟೆ ಹಾರಿ, ಬೆಂಗಳೂರಿಗೆ ತಂದಿಳಿಸಿದ ವಿಮಾನ ಅಂತಹದು. ಆದುದರಿಂದ ಟಿಕೆಟ್ಟು ಕೊಳ್ಳುವಾಗ "ನೇರವೆ?" ಎಂದು ಕೇಳಿದರೆ ಸಾಲದು, "ನಡುವೆ ಎಲ್ಲಿಯಾದರೂ ನಿಲ್ಲುವುದೆ?" ಎಂದು ಕೇಳಬೇಕು.

ಕೊನೆಯದು ನಡುವೆ ಇಳಿದು ಬೇರೆ ವಿಮಾನ ಹತ್ತುವ ಪ್ರಯಾಣ. ಇದನ್ನು ಹೀಗಳೆಯಬೇಕಾಗಿಲ್ಲ. ಪ್ರತಿಯೊಂದು ಊರಿನಿಂದ ಪ್ರತಿಯೊಂದು ಊರಿಗೂ ವಿಮಾನ ಬಿಡುವುದು ಆಗದ ಮಾತು. ಅರಸೀಕೆರೆ ಜಂಕ್ಷನ್ನಿನಲ್ಲಿ ಗಾಡಿ ಬದಲಾಯಿಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅನೇಕ ವೇಳೆ ಇದು ಅಗ್ಗವೂ ಹೌದು. ಆದರೆ ಇದರಲ್ಲಿ ಎರಡು ಬಗೆ, ಆ ಎರಡರ ನಡುವೆ ಭೂಮ್ಯಾಕಾಶಗಳ ಅಂತರ. ಎರಡು ವಿಮಾನವೂ ಒಂದೇ ಟಿಕೆಟ್ಟಿನಲ್ಲಿದ್ದರೆ, ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದಾಗ ನಿಮ್ಮನ್ನು ಮುಂದಕ್ಕೆ ಕಳುಹಿಸುವ ಭಾರ ಕಂಪನಿಯ ಮೇಲಿರುತ್ತದೆ. ಪ್ರತಿ ವಿಮಾನನಿಲ್ದಾಣಕ್ಕೂ ಬದಲಾವಣೆಗೆ ಇಷ್ಟು ಹೊತ್ತು ಬೇಕೇಬೇಕೆಂಬ ಲೆಕ್ಕವಿದೆ. ಅದಕ್ಕೆ ಕಡಮೆಯಾದ ಜೋಡಣೆಯನ್ನು ಅವರು ಮಾರುವುದಿಲ್ಲ. ನೀವೇ ಬೇರೆ ಬೇರೆ ಎರಡು ಟಿಕೆಟ್ಟು ಕೊಂಡು ಜೋಡಿಸಿದಿರೋ, ಎರಡನೆಯ ಕಂಪನಿಗೆ ಮೊದಲನೆಯದರ ಸಂಗತಿಯೇ ಬೇಡ. ಅವರ ಪುಸ್ತಕದಲ್ಲಿ ನೀವು ಬಾರದೆ ಉಳಿದವರು, ಅಷ್ಟೆ.

ಈಗ ನನ್ನ ಕಥೆ. ನನ್ನ ತಾಯಿಗೆ ಎಪ್ಪತ್ತೆಂಟು ವರ್ಷ. ತಂದೆಯವರು ತೀರಿಕೊಂಡ ಮೇಲೆ ಅವರಿಗೆ ಉಳಿದಿದ್ದ ಆಸೆ ಒಂದೇ: ಒಂದು ವರ್ಷ ತಂದೆಯವರ ತಿಥಿ ಕಾಶಿಯಲ್ಲಿ ನಡೆಯಬೇಕು. ತಿಥಿ ಬೀಳುವುದು ಡಿಸೆಂಬರಿನ ಕೊನೆಯ ವಾರದಲ್ಲಿ. ಬೆಂಗಳೂರಿನಿಂದ ವಾರಾಣಸಿಗೆ ನಿಲ್ಲದೆ ಹೋಗುವ ವಿಮಾನವಿತ್ತು. ಆದರೆ ದೆಹಲಿಯವರೆಗೆ ಒಂದು ಕಂಪನಿ, ಅಲ್ಲಿಂದ ಮುಂದೆ ಇನ್ನೊಂದು ಕಂಪನಿ ಎಂದು ಬೇರೆ ಬೇರೆ ಕೊಂಡರೆ ತಲೆಗೆ 2,100 ರೂಪಾಯಿ ಉಳಿಯುತ್ತಿತ್ತು. ಮಗ ಹೇಳಿದ, "ಅಪ್ಪ, ನಡುವೆ ಎರಡೂವರೆ ಗಂಟೆ ಮಾತ್ರ ಇದೆ, ಅಜ್ಜಿಯೂ ಇರುತ್ತಾರೆ, ಬೇಡ." ನಾನು ಲೆಕ್ಕ ಹಾಕಿದೆ. ಮೂವರಿಗೆ 6,300 ರೂಪಾಯಿ! ತಿಥಿಯ ಹಿಂದಿನ ಸಂಜೆ ಕಾಶಿ ಸೇರುವಂತೆ ಟಿಕೆಟ್ಟು ಕೊಂಡೆ.

ಉತ್ತರದೇಶದಲ್ಲಿ ಡಿಸೆಂಬರ್, ಜನವರಿ ಎಂದರೆ ಮಂಜಿನ ಕಾಲ. ಪಾಠಪುಸ್ತಕದಲ್ಲಿ ಓದಿದ್ದೆ, ಟಿಕೆಟ್ಟು ಕೊಳ್ಳುವಾಗ ನೆನಪಿಗೆ ಬರಲಿಲ್ಲ. ಅಂದು ದೆಹಲಿಯ ಮಂಜಿನಿಂದ ನಮ್ಮ ವಿಮಾನ ಬೆಂಗಳೂರಿನಲ್ಲಿಯೇ ಎರಡು ಗಂಟೆ ನಿಂತಿತು. ನಾವು ಇಳಿದದ್ದು ಒಂದನೆಯ ಟರ್ಮಿನಲ್ಲಿನಲ್ಲಿ. ಮುಂದಿನ ವಿಮಾನವಿದ್ದದ್ದು ಮೂರನೆಯದರಲ್ಲಿ. ಒಂದರಿಂದ ಇನ್ನೊಂದಕ್ಕೆ ಒಳಗಿನಿಂದಲೇ ನಡೆದು ಹೋಗುವಂತಿಲ್ಲ. ಸಾಮಾನು ತೆಗೆದುಕೊಂಡು, ಹೊರಗೆ ಬಂದು, ವಾಹನ ಹಿಡಿಯಬೇಕು. ಮಂಡಿನೋವಿನ ತಾಯಿಯನ್ನು ಕರೆದುಕೊಂಡು ಅಲ್ಲಿ ಮುಟ್ಟುವಷ್ಟರಲ್ಲಿ ವಿಮಾನ ಹೊರಟುಹೋಗಿತ್ತು. ಹೊಸ ಟಿಕೆಟ್ಟಿಗೆ ಮೂವರಿಗೂ ಸೇರಿ ಇಪ್ಪತ್ತೊಂದು ಸಾವಿರ ರೂಪಾಯಿ. ಅದೂ ಮರುದಿನ ಮಧ್ಯಾಹ್ನಕ್ಕೆ. ಆ ರಾತ್ರಿ ತಾಯಿ ಕಬ್ಬಿಣದ ಕುರ್ಚಿಯ ಮೇಲೆ ಶಾಲು ಹೊದ್ದು ಕುಳಿತಿದ್ದರು. ಮರುದಿನ ಆ ವಿಮಾನವೂ ಮಂಜಿಗಾಗಿ ಕಾಯಿತು. ನಾವು ಕಾಶಿಯನ್ನು ಸೇರುವಾಗ ಕತ್ತಲಾಗಿತ್ತು. ತಿಥಿಯ ದಿನ ಮುಗಿದಿತ್ತು.

ಪುರೋಹಿತರು ಮಾರನೆಯ ಬೆಳಿಗ್ಗೆ ಗಂಗೆಯ ದಡದಲ್ಲಿ ತೀರ್ಥಶ್ರಾದ್ಧವನ್ನು ಮಾಡಿಸಿದರು. ಮೆಟ್ಟಿಲಿನ ಮೇಲೆ ಕುಳಿತಿದ್ದ ತಾಯಿಯ ಮುಂದೆ ನಿಂತು ನಾನು ಏನೋ ಹೇಳಹೊರಟೆ. ಅವರು, "ಬಿಡು ಮಗು, ತೀರ್ಥಕ್ಕೆ ತಿಥಿ ಬೇಡವಂತೆ" ಎಂದರು. ಅಷ್ಟು ಹೇಳಿ ನದಿಯ ಕಡೆ ತಿರುಗಿದರು. ಮುಂದಿನ ವರ್ಷ ಮತ್ತೆ ಬರೋಣವೆಂದು ಹೇಳಲು ನನಗೆ ಧೈರ್ಯ ಬರಲಿಲ್ಲ; ಅವರ ಮಂಡಿಗಳು ಅದಕ್ಕೆ ಒಪ್ಪುವಂತಿರಲಿಲ್ಲ.

ಶ್ರೋತೃಗಳೆ, ಕಂಪನಿಯವರ ಮೇಲೆ ನನಗೆ ದೂರಿಲ್ಲ. ಮಂಜು ಅವರದಲ್ಲ, ಲೆಕ್ಕ ನನ್ನದು. ಆ ಲೆಕ್ಕದಲ್ಲಿ ನಾನು ಬಿಟ್ಟದ್ದೇನೆಂಬುದನ್ನು ನೀವು ಬಿಡದಿರಲೆಂದು ಇಷ್ಟು ಹೇಳುತ್ತೇನೆ. ವೃದ್ಧರು, ಕೂಸುಗಳು ಜೊತೆಯಲ್ಲಿದ್ದರೆ, ಅಥವಾ ಸೇರಬೇಕಾದ ದಿನವನ್ನು ಮುಂದೂಡಲಾಗದಿದ್ದರೆ, ನಾಲ್ಕು ಕಾಸು ಹೆಚ್ಚಾದರೂ ನಿಲ್ಲದೆ ಹೋಗುವ ವಿಮಾನವನ್ನೇ ಹಿಡಿಯಿರಿ. ಅದೂ ಒಂದು ದಿನ ಮುಂಚಿತವಾಗಿ. ನಡುವೆ ಬದಲಾಯಿಸಲೇಬೇಕಾದರೆ ಒಂದೇ ಟಿಕೆಟ್ಟಿರಲಿ. ಸಾಮಾನಿನ ಚೀಟಿಯ ಮೇಲೆ ಕೊನೆಯ ಊರಿನ ಹೆಸರಿದೆಯೇ ನೋಡಿಕೊಳ್ಳಿ. ದಿನವೇರಿದಂತೆ ತಡವೂ ಬೆಳೆಯುವುದರಿಂದ ಸಾಮಾನ್ಯವಾಗಿ ಬೆಳಗಿನ ವಿಮಾನ ಒಳ್ಳೆಯದು. ಆದರೆ ಉತ್ತರದ ಚಳಿಗಾಲದಲ್ಲಿ ಬೆಳಗೇ ಮಂಜಿನ ಹೊತ್ತು, ನಡುಹಗಲು ವಾಸಿ. ಹತ್ತದೆ ಹೋದ ಟಿಕೆಟ್ಟಿನಲ್ಲಿಯೂ ವಿಮಾನನಿಲ್ದಾಣದ ಶುಲ್ಕದ ಪಾಲನ್ನು ಹಿಂದಕ್ಕೆ ಕೇಳುವ ಹಕ್ಕು ನಿಮಗುಂಟು. ಕೇಳದವರಿಗೆ ಅದು ಬರುವುದಿಲ್ಲ. ಇನ್ನು ಗಟ್ಟಿಮುಟ್ಟಾದ ತರುಣರು, ಕೈಚೀಲವೊಂದೇ ಸಾಮಾನು, ಒಂದು ದಿನ ತಡವಾದರೂ ನಕ್ಕು ಸುಮ್ಮನಾಗಬಲ್ಲವರು, ಅವರು ಅಗ್ಗದ ದಾರಿಯನ್ನೇ ಹಿಡಿಯಲಿ. ಅವರಿಗೆ ಅದೂ ಪ್ರವಾಸದ ಒಂದು ಭಾಗ.

ಟಿಕೆಟ್ಟಿನ ಮೇಲೆ ಅಚ್ಚಾಗಿರುವುದು ವಿಮಾನದ ಬೆಲೆ ಮಾತ್ರ. ಯಾರನ್ನು ಕರೆದುಕೊಂಡು, ಯಾತಕ್ಕಾಗಿ ಹೋಗುತ್ತೇವೆಂಬುದರ ಬೆಲೆಯನ್ನು ನಾವೇ ಬರೆದುಕೊಂಡು ಕೂಡಿಸಬೇಕು. ನಿಮ್ಮ ರಜೆಯ ಪ್ರಯಾಣ ಸುಖಕರವಾಗಲಿ.